ದ್ವೀಪದ ಶಾಲೆಯಿಂದ ಮನೆಗೆ ಬರೆದ ಓಲೆಗಳು

ಪ್ರತಿ ಭಾನುವಾರ ಬಲಿಪೂಜೆಯ ಎರಡನೆಯ ವಾಚನದಲ್ಲಿ ನಾವು ಕೇಳುವುದು ಬಹುಮಟ್ಟಿಗೆ ಯಾರೋ ಯಾರಿಗೋ ಬರೆದ ಕಾಗದವನ್ನು. ಕೊರಿಂಥದವರಿಗೆ, ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ ಸಂತ ಪೌಲರು ಬರೆದ ಓಲೆಗಳು ಅವು. ಎರಡು ಸಾವಿರ ವರ್ಷಗಳ ಮೇಲೆ ಬೇರೊಂದು ದೇಶದ ಧರ್ಮಕೇಂದ್ರದಲ್ಲಿ ತಮ್ಮ ಕಾಗದವನ್ನು ಮೈಕಿನ ಮುಂದೆ ನಿಂತು ಓದುತ್ತಾರೆಂದು ಪೌಲರು ಎಣಿಸಿರಲಾರರು. ಅವುಗಳಲ್ಲಿ ಅತ್ಯಂತ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಒಂದೇ ಅಧ್ಯಾಯ. ಅದರ ವಿಷಯ ಒನೇಸಿಮ ಎಂಬ ಗುಲಾಮ. ಅವನನ್ನು ಇನ್ನು ಮುಂದೆ ಗುಲಾಮನಂತಲ್ಲ, ಸಹೋದರನಂತೆ ಬರಮಾಡಿಕೋ ಎಂದು ಪೌಲರು ಕೇಳಿಕೊಳ್ಳುತ್ತಾರೆ. ದುಃಖದ ಸಂಗತಿಯೆಂದರೆ, ಅಮೆರಿಕದ ದಕ್ಷಿಣ ರಾಜ್ಯಗಳ ತೋಟದ ಒಡೆಯರು ಇದೇ ಓಲೆಯನ್ನು ತೋರಿಸಿ, ನೋಡಿ, ಪೌಲರೇ ಗುಲಾಮನನ್ನು ಒಡೆಯನ ಬಳಿಗೆ ಹಿಂದಕ್ಕೆ ಕಳುಹಿಸಿದರು ಎಂದು ವಾದಿಸುತ್ತಿದ್ದರು.

ಆ ವಾದ ಯುದ್ಧದಲ್ಲಿ ಕೊನೆಗೊಂಡಿತು. 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಸೇನಾಪತಿಗಳ ಕಥೆ ಪಠ್ಯಪುಸ್ತಕಗಳಲ್ಲಿದೆ. ನಾವು ಈ ಸಂಚಿಕೆಯಲ್ಲಿ ನೋಡಹೊರಟಿರುವುದು ಆ ಯುದ್ಧದ ನಡುವೆ ಒಂದು ದ್ವೀಪಕ್ಕೆ ಹೋಗಿ ಶಾಲೆ ತೆರೆದ ಶಿಕ್ಷಕಿಯೊಬ್ಬರು ಊರಿನಲ್ಲಿದ್ದ ತಮ್ಮ ಮನೆಯವರಿಗೆ ಬರೆದ ಕಾಗದಗಳನ್ನು. ಅವರ ಹೆಸರು ಲಾರಾ ಟೌನ್. 1825ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಫಿಲಡೆಲ್ಫಿಯಾದಲ್ಲಿ ನೆಲೆಸಿದ್ದವರು. ಹೋಮಿಯೋಪಥಿ ವೈದ್ಯ ಕಲಿತಿದ್ದರು. ಅವರ ಓಲೆಗಳೂ ದಿನಚರಿಯೂ ಸೇರಿ 1912ರಲ್ಲಿ, ಅಂದರೆ ಅವರು ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ, ಒಂದು ಪುಸ್ತಕವಾಗಿ ಬಂದವು. 1862ರಿಂದ 1884ರವರೆಗಿನ ಬರಹಗಳು ಅದರಲ್ಲಿವೆ.

ಮೊದಲೇ ಒಂದು ಮಾತು ಹೇಳಿಬಿಡೋಣ. ಲಾರಾ ಕಥೋಲಿಕರಲ್ಲ. ಅವರು ಯೂನಿಟೇರಿಯನ್ ಪಂಗಡಕ್ಕೆ ಸೇರಿದವರು, ತ್ರೈಏಕ ದೇವರೆಂಬ ನಮ್ಮ ವಿಶ್ವಾಸವನ್ನು ಒಪ್ಪದ ಪಂಗಡ ಅದು. ಹಾಗಿದ್ದೂ ಅವರ ಓಲೆಗಳನ್ನು ಓದುವಾಗ ಅವರು ನಮಗೆ ಅಪರಿಚಿತರೆನಿಸುವುದಿಲ್ಲ.

ಅವರು ಹೋದ ಜಾಗದ ಹೆಸರು ಸೇಂಟ್ ಹೆಲೆನಾ ದ್ವೀಪ. ಹೆಸರು ಕೇಳಿದೊಡನೆ ನೆಪೋಲಿಯನ್ ನೆನಪಾಗುತ್ತಾನೆ. ಅದಲ್ಲ ಇದು. ದಕ್ಷಿಣ ಕರೊಲಿನಾ ರಾಜ್ಯದ ಕರಾವಳಿಯಲ್ಲಿ ಉಪ್ಪುನೀರಿನ ಕಾಲುವೆಗಳೂ ಜವುಗು ಹುಲ್ಲುಗಾವಲುಗಳೂ ಹೆಣೆದುಕೊಂಡಿರುವ ದ್ವೀಪಸಾಲಿನಲ್ಲಿ ಇದೂ ಒಂದು. ಪವಿತ್ರ ಶಿಲುಬೆಯನ್ನು ಹುಡುಕಿ ತೆಗೆದವರೆಂದು ನಾವು ಗೌರವಿಸುವ ಸಂತ ಹೆಲೆನಮ್ಮನವರ ಹಬ್ಬ ಆಗಸ್ಟ್ 18ರಂದು. 1525ರಲ್ಲಿ ಸ್ಪೇನಿನ ನಾವಿಕರು ಆ ಹಬ್ಬದ ದಿನ ಈ ಕರಾವಳಿಯನ್ನು ಕಂಡು ಅವರ ಹೆಸರನ್ನೇ ಇಟ್ಟರು. ಹಡಗು ಹಾಯಿಸುವವರು ಪಂಚಾಂಗ ನೋಡಿ ಊರಿಗೆ ಹೆಸರಿಡುತ್ತಿದ್ದ ಕಾಲವದು. ಮುಂದೆ ಇಂಗ್ಲಿಷರು ಬಂದರು, ಹತ್ತಿ ಬಂತು, ಹತ್ತಿಯೊಡನೆ ಆಫ್ರಿಕದಿಂದ ಹಿಡಿದು ತಂದ ಜನ ಬಂದರು. ಸೀ ಐಲೆಂಡ್ ಹತ್ತಿ ಎಂದರೆ ಉದ್ದನೆಯ ಎಳೆಯ, ರೇಷ್ಮೆಯಂಥ ಹತ್ತಿ. ಲೋಕದಲ್ಲೇ ಹೆಚ್ಚು ಬೆಲೆಯದು. ಅದನ್ನು ಬೆಳೆದವರಿಗೆ ಅಕ್ಷರ ಕಲಿಸುವುದು ದಕ್ಷಿಣ ಕರೊಲಿನಾದಲ್ಲಿ 1834ರ ಕಾನೂನಿನಂತೆ ಶಿಕ್ಷಾರ್ಹ ಅಪರಾಧವಾಗಿತ್ತು.

1861ರ ನವೆಂಬರ್ 7ರಂದು ಉತ್ತರದ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿ ಎರಡು ಕೋಟೆಗಳನ್ನು ಗುಂಡಿಟ್ಟು ಹಿಡಿಯಿತು. ತೋಟದ ಒಡೆಯರು ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಒಳನಾಡಿಗೆ ಓಡಿದರು. ಗುಲಾಮರನ್ನೂ ಬನ್ನಿರೆಂದು ಕರೆದರು, ಬೆದರಿಸಿದರು. ಅವರು ಬರಲಿಲ್ಲ. ಹೀಗೆ ಆ ದ್ವೀಪಗಳಲ್ಲಿ ಸುಮಾರು ಹತ್ತು ಸಾವಿರ ಮಂದಿ ಒಡೆಯರಿಲ್ಲದೆ ಉಳಿದರು. ಅವರು ಗುಲಾಮರೋ ಸ್ವತಂತ್ರರೋ ಎಂಬುದು ಸರಕಾರಕ್ಕೇ ತಿಳಿಯದು. ಲಿಂಕನ್ನರ ವಿಮೋಚನಾ ಘೋಷಣೆ ಇನ್ನೂ ಬಂದಿರಲಿಲ್ಲ. ಉತ್ತರದ ನಗರಗಳ ದಾನಿಗಳು ಸಂಘಗಳನ್ನು ಕಟ್ಟಿ ಶಿಕ್ಷಕರನ್ನೂ ಬಟ್ಟೆಬರೆಯನ್ನೂ ಕಳುಹಿಸತೊಡಗಿದರು. 1862ರ ಮಾರ್ಚಿನಲ್ಲಿ ಐವತ್ತಕ್ಕೂ ಹೆಚ್ಚು ಮಂದಿಯ ಮೊದಲ ತಂಡ ಹೊರಟಿತು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಬೆರಳೆಣಿಕೆಯ ಮಂದಿಯನ್ನು ಕಟ್ಟಿಕೊಂಡು ಯುದ್ಧಕ್ಕೆ ಹೋದ ಗಿದ್ಯೋನನನ್ನು ನೆನೆದು ಇವರನ್ನು ಗಿದ್ಯೋನನ ತಂಡವೆಂದು ಕರೆದರು. ಸೈನಿಕರು ಆ ಹೆಸರನ್ನು ಹಾಸ್ಯಕ್ಕೆ ಬಳಸುತ್ತಿದ್ದರು. ಲಾರಾ ಏಪ್ರಿಲ್ ತಿಂಗಳಿನಲ್ಲಿ ನ್ಯೂಯಾರ್ಕಿನಿಂದ ಹಡಗು ಹತ್ತಿದರು. ಆಗ ಅವರಿಗೆ ಇನ್ನೇನು ಮೂವತ್ತೇಳು ತುಂಬಲಿತ್ತು.

ಅಲ್ಲಿಂದ ಓಲೆಗಳು ಶುರು. ಅಂಚೆ ಹೋಗಬೇಕಾದರೆ ಹಡಗು ಬರಬೇಕು, ಹಡಗು ಬರುವುದು ಸೈನ್ಯದ ಅನುಕೂಲಕ್ಕೆ. ಆದುದರಿಂದ ಕಾಗದ ಬರೆಯುವುದು ಇವರಿಗೆ ದಿನದ ಕೆಲಸವಾಯಿತು. ಏನೇನಿಲ್ಲ ಅದರಲ್ಲಿ! ಚಿಗಟ, ಸೊಳ್ಳೆ, ಸೆಕೆ, ಊಟದ ಪಾಡು, ಹಂಚಬೇಕಾದ ಬಟ್ಟೆಗಳ ರಾಶಿ, ಜ್ವರದ ಮಕ್ಕಳು, ಸಿಡುಬು. ಅವರ ಔಷಧದ ಪೆಟ್ಟಿಗೆಯನ್ನು ಹುಡುಕಿಕೊಂಡು ಜನ ದೂರದ ತೋಟಗಳಿಂದಲೂ ಬರುತ್ತಿದ್ದರು. ಇತಿಹಾಸಕಾರರು ಇಂಥ ಪುಟಗಳನ್ನು ಬೇಗ ಮಗುಚುತ್ತಾರೆ. ನಮಗಾದರೋ ಇವೇ ರುಚಿ. ಮನೆ ಬಿಟ್ಟು ದೂರ ಹೋದ ಹೆಣ್ಣುಮಗಳು ಮನೆಯವರಿಗೆ ಮೊದಲು ಬರೆಯುವುದು ಊಟ, ನಿದ್ದೆ, ಹವಾಮಾನದ ಬಗ್ಗೆ ತಾನೇ? ದೊಡ್ಡ ಸಂಗತಿಗಳು ಆಮೇಲೆ, ಅವುಗಳ ನಡುವೆ ಸುಳಿಯುತ್ತವೆ.

ದೊಡ್ಡ ಸಂಗತಿ ಬೇಗನೇ ಬಂತು. 1862ರ ಮೇ ತಿಂಗಳಿನಲ್ಲಿ ಜನರಲ್ ಹಂಟರ್ ಎಂಬ ಉತ್ತರದ ಸೇನಾಧಿಕಾರಿ ತೋಟಗಳಲ್ಲಿದ್ದ ಗಟ್ಟಿಮುಟ್ಟಾದ ಗಂಡಸರನ್ನೆಲ್ಲ ಸೈನ್ಯಕ್ಕೆ ಹಿಡಿದು ತರಲು ಆಜ್ಞೆ ಮಾಡಿದ. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಕರಿಯರ ಪಡೆ ಕಟ್ಟಬೇಕೆಂಬುದು ಅವನ ಹಂಬಲ. ಆದರೆ ಬಂದೂಕು ಹಿಡಿದ ಸೈನಿಕರು ಹೊಲಕ್ಕೆ ಬಂದು ಗಂಡಂದಿರನ್ನೂ ಮಕ್ಕಳನ್ನೂ ಎಳೆದೊಯ್ದಾಗ ಹೆಂಗಸರಿಗೆ ಕಂಡದ್ದು ಬೇರೆ. ಒಡೆಯರು ಓಡಿಹೋಗುವ ಮುನ್ನ ಅವರಿಗೆ ಹೇಳಿದ್ದು ಇದನ್ನೇ ಅಲ್ಲವೇ? ಉತ್ತರದವರು ನಿಮ್ಮನ್ನು ಹಡಗಿಗೆ ತುಂಬಿ ಕ್ಯೂಬಾಕ್ಕೆ ಮಾರುತ್ತಾರೆ ಎಂದು? ಕೆಲವರು ಕಾಡಿಗೆ ಓಡಿದರು. ಹೆಂಗಸರು ಗೋಳಾಡಿದರು. ಬಂದು ತಿಂಗಳಷ್ಟೇ ಆಗಿದ್ದ ಲಾರಾ ಅದನ್ನು ಕಣ್ಣಾರೆ ಕಂಡು ಕೋಪದಿಂದ ಬರೆದರು. ಬಿಡಿಸಲು ಬಂದವರೇ ಹಿಡಿಯಲು ಬಂದವರಂತೆ ಕಾಣುವುದು ಎಂಥ ನೋವು ಎಂಬುದು ಅವರ ಆ ದಿನಗಳ ಬರಹದಲ್ಲಿದೆ. ಹಿಡಿದೊಯ್ದವರಲ್ಲಿ ಹಲವರನ್ನು ಬಳಿಕ ಬಿಟ್ಟುಬಿಟ್ಟರು. ಆಗಸ್ಟ್ ವೇಳೆಗೆ ಆ ಪಡೆ ಒಂದು ತುಕಡಿಯ ಹೊರತು ಚದುರಿಹೋಯಿತು.

ಜೂನ್ ತಿಂಗಳಿನಲ್ಲಿ ಅವರ ಗೆಳತಿ ಎಲೆನ್ ಮರ್ರೇ ಬಂದು ಸೇರಿದರು. ಅದೇ ತಿಂಗಳ 18ರಂದು ಓಕ್ಸ್ ಎಂಬ ತೋಟದ ಮನೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ಮಂದಿಯೊಡನೆ ಶಾಲೆ ಪ್ರಾರಂಭವಾಯಿತು. ಮಕ್ಕಳ ಶಾಲೆಯೆಂದು ನೀವು ಎಣಿಸಿದಿರೇನೋ. ಮೊದಲ ವಿದ್ಯಾರ್ಥಿಗಳು ವಯಸ್ಕರು. ಹಗಲೆಲ್ಲ ಹೊಲದಲ್ಲಿ ದುಡಿದವರು ಅಕ್ಷರ ತಿದ್ದಲು ಬಂದರು. ಮಕ್ಕಳೂ ಬರತೊಡಗಿದಾಗ ಒಂದು ತಮಾಷೆಯೇ ನಡೆಯಿತು. ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವುದೆಂದರೇನೆಂದು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲವರು ಮಲಗಿ ನಿದ್ದೆ ಹೋದರು, ಕೆಲವರು ಗುದ್ದಾಡಿಕೊಂಡರು. ಇನ್ನು ಕೆಲವರು ಎದ್ದು ನಿಂತು, ಮರ್ಯಾದೆಯಿಂದ ಬಾಗಿ ನಮಸ್ಕರಿಸಿ, ಪಕ್ಕದ ಹೊಲಕ್ಕೆ ಹೋಗಿ ಕಾಡುಹಣ್ಣು ಕಿತ್ತು ತಿಂದು, ಮತ್ತೆ ಬಂದು ಮತ್ತೊಮ್ಮೆ ನಮಸ್ಕರಿಸಿ ಕುಳಿತರು. ನಮ್ಮ ಧರ್ಮೋಪದೇಶ ತರಗತಿಯ ಟೀಚರಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೀಚರಿನ ಮಾತು ಮಕ್ಕಳಿಗೆ ತಿಳಿಯದು, ಮಕ್ಕಳ ಮಾತು ಟೀಚರಿಗೆ ತಿಳಿಯದು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮಕ್ಕಳು ಆಡುತ್ತಿದ್ದುದು ಗಲ್ಲಾ ಎಂಬ ನುಡಿ. ಇಂಗ್ಲಿಷಿನ ಪದಗಳೂ ಆಫ್ರಿಕದ ಹಲವು ಭಾಷೆಗಳ ಪದಗಳೂ ಜಾಯಮಾನವೂ ಕೂಡಿ ಹುಟ್ಟಿದ ಸ್ವತಂತ್ರ ಭಾಷೆ. ಉತ್ತರದಿಂದ ಬಂದ ಶಿಕ್ಷಕರಿಗೆ ಅದು ಮುರುಕು ಇಂಗ್ಲಿಷಾಗಿ ಕೇಳಿಸಿತು, ಅದನ್ನು ತಿದ್ದುವುದೇ ತಮ್ಮ ಕೆಲಸವೆಂದುಕೊಂಡರು. ಲಾರಾ ಅವರೂ ಇದಕ್ಕೆ ಹೊರತಲ್ಲ. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಜನ ವೃತ್ತಾಕಾರವಾಗಿ ಕಾಲೆಳೆಯುತ್ತ, ಚಪ್ಪಾಳೆ ತಟ್ಟುತ್ತ ಹಾಡುವ ಆರಾಧನೆಯನ್ನು ಮೊದಲ ಸಲ ಕಂಡಾಗ ಅವರು ಅದು ಯಾವುದೋ ಹಳೆಯ ವಿಗ್ರಹಾರಾಧನೆಯ ಉಳಿಕೆಯಿರಬೇಕೆಂದು ಬರೆದರು. ಗುಲಾಮಗಿರಿಯನ್ನು ಮನಸಾರೆ ದ್ವೇಷಿಸಿದವರ ಕಣ್ಣಿಗೂ ಒಂದು ಪರೆ ಇತ್ತು. ಲೊರೆಂಜೊ ಡೌ ಟರ್ನರ್ ಎಂಬ ಕರಿಯ ವಿದ್ವಾಂಸರು 1949ರಲ್ಲಿ ಗ್ರಂಥ ಬರೆದು ಆ ನುಡಿಯ ಆಫ್ರಿಕದ ಬೇರುಗಳನ್ನು ತೋರಿಸುವವರೆಗೆ ವಿದ್ವತ್ ಲೋಕವೂ ಅದನ್ನು ಗೌರವಿಸಲಿಲ್ಲ. 2005ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಗಲ್ಲಾ ಭಾಷೆಯಲ್ಲಿ ಅಚ್ಚಾಯಿತು. ಬಲಿಪೂಜೆಯನ್ನು ತಾಯ್ನುಡಿಯಲ್ಲಿ ಕೇಳಲು ನಮ್ಮ ಹಿರಿಯರು ಎಷ್ಟು ಕಾಲ ಕಾದರೆಂಬುದು ಗೊತ್ತಿದ್ದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಆ ಜನರ ಹಾಡು ಮಾತ್ರ ಎಲ್ಲ ಬೇಲಿಗಳನ್ನೂ ದಾಟಿತು. ದೋಣಿಯಲ್ಲಿ ಹುಟ್ಟು ಹಾಕುತ್ತ ಅವರು ಮಹಾದೂತ ಮಿಕಾಯೇಲನನ್ನು ದಡಕ್ಕೆ ದೋಣಿ ನಡೆಸೆಂದು ಕರೆಯುವ ಹಾಡೊಂದನ್ನು ಹಾಡುತ್ತಿದ್ದರು. ಯುದ್ಧದ ದಿನಗಳಲ್ಲಿ ಸೇಂಟ್ ಹೆಲೆನಾದಲ್ಲಿದ್ದ ಚಾರ್ಲ್ಸ್ ವೇರ್ ಅದನ್ನು ಕೇಳಿ ಬರೆದಿಟ್ಟುಕೊಂಡರು, 1867ರಲ್ಲಿ ಅದು ಅಚ್ಚಿನಲ್ಲಿ ಬಂತು. ಗಿಟಾರ್ ಹಿಡಿದ ನಮ್ಮ ಯುವಜನರ ಶಿಬಿರಗಳಲ್ಲಿ ಆ ಹಾಡನ್ನು ಕೇಳದವರು ಯಾರು? ಕುಂಬಾಯಾ ಎಂಬುದರ ಅತಿ ಹಳೆಯ ಧ್ವನಿಮುದ್ರಣವೂ ಇದೇ ಕರಾವಳಿಯದು, ಜಾರ್ಜಿಯದ ಕಡೆ 1926ರಲ್ಲಿ ಆದದ್ದು.

ನಮ್ಮ ನಾಡಿಗೆ ಈ ಯುದ್ಧ ತಾಕಿದ ಇನ್ನೊಂದು ಬಗೆಯಿದೆ. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಕಂಡರಿಯದ ಬೆಲೆ ಬಂತು. ಅದನ್ನು ಹಡಗಿಗೇರಿಸಲೆಂದೇ ಕಾರವಾರದ ಬಂದರಿನತ್ತ ಕಂಪನಿಗಳ ಗಮನ ಹರಿಯಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆಯೂ ಬಿದ್ದಿತು. ಅಲ್ಲಿಯ ಕದನಕ್ಕೂ ಇಲ್ಲಿಯ ರೈತನ ಸಾಲಕ್ಕೂ ಇದ್ದ ನಂಟು ಅದು.

ಓಲೆಗಳಿಗೆ ಮರಳೋಣ. ಸೆಪ್ಟೆಂಬರ್ ವೇಳೆಗೆ ಮಕ್ಕಳು ಎಂಬತ್ತಾದರು. ಕೋಣೆ ಸಾಲದೆ ಶಾಲೆ ಅಲ್ಲಿಯ ಇಟ್ಟಿಗೆಯ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಯಿತು. 1855ರಲ್ಲಿ ಒಡೆಯರಿಗಾಗಿ ಕಟ್ಟಿದ ಚರ್ಚು ಅದು. ಗುಲಾಮರು ಮಹಡಿಯ ಮೇಲೆ ಕುಳಿತು ಆರಾಧನೆ ಕೇಳಬೇಕಾಗಿತ್ತು. ಈಗ ಅವರ ಮಕ್ಕಳು ಕೆಳಗಿನ ಬೆಂಚುಗಳಲ್ಲಿ ಕುಳಿತು ಕಾಲು ನೆಲಕ್ಕೆ ಎಟುಕದೆ ಜೋಲಾಡಿಸುತ್ತಿದ್ದರು. ಒಂದೇ ಹಜಾರದಲ್ಲಿ ಹಲವು ತರಗತಿಗಳು ಒಟ್ಟಿಗೆ ಕೂಗಿ ಕಾಗುಣಿತ ಹೇಳಿದರೆ ಟೀಚರಿನ ದನಿ ಟೀಚರಿಗೇ ಕೇಳಿಸದು. ಹುಡುಗಿಯರು ತಮ್ಮ ಹಸುಗೂಸು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತಿದ್ದರು. ತಾಯಂದಿರು ಹೊಲಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವರು ಬೇರೆ ಯಾರಿದ್ದಾರೆ?

ಅಕ್ಟೋಬರಿನಲ್ಲಿ ಶಾರ್ಲಟ್ ಫೋರ್ಟನ್ ಬಂದರು. ಫಿಲಡೆಲ್ಫಿಯಾದ ಪ್ರತಿಷ್ಠಿತ ಕರಿಯ ಕುಟುಂಬದ ಹೆಣ್ಣುಮಗಳು, ಓದಿದವರು, ಕವಿ ವಿಟಿಯರ್ ಅವರ ಸ್ನೇಹಕ್ಕೆ ಪಾತ್ರರಾದವರು. ತಮ್ಮಂತೆಯೇ ಕಪ್ಪು ಮೈಬಣ್ಣದ ಒಬ್ಬರು ಟೀಚರಾಗಿ ನಿಂತದ್ದನ್ನು ಆ ಮಕ್ಕಳು ಅದುವರೆಗೆ ಕಂಡಿರಲಿಲ್ಲ. ಆ ವರ್ಷದ ಕ್ರಿಸ್ತಜಯಂತಿಗೆ ಚರ್ಚನ್ನು ಹಸಿರೆಲೆಗಳಿಂದಲೂ ಓಕ್ ಮರಗಳಿಂದ ಇಳಿಬೀಳುವ ಬೂದುಬಣ್ಣದ ಪಾಚಿಯಿಂದಲೂ ಅಲಂಕರಿಸಿದರು. ವಿಟಿಯರ್ ಆ ಮಕ್ಕಳಿಗೆಂದೇ ಒಂದು ಕ್ರಿಸ್ಮಸ್ ಗೀತೆಯನ್ನು ಬರೆದು ಕಳುಹಿಸಿದ್ದರು. ತಮ್ಮ ದ್ವೀಪದ ಹೆಸರಿರುವ ಗೀತೆಯನ್ನು ಮಕ್ಕಳು ಕಲಿತು ಹಾಡಿದರು. ಒಡೆಯನ ಮಾತಿಲ್ಲದೆ ಕಳೆದ ಎರಡನೆಯ ಕ್ರಿಸ್ಮಸ್ ಅದು, ಶಾಲೆಯೊಡನೆ ಕಳೆದ ಮೊದಲನೆಯದು.

ಅದಾದ ವಾರಕ್ಕೆ, 1863ರ ಜನವರಿ ಒಂದರಂದು, ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬಂತು. ಕೊಲ್ಲಿಯ ಆಚೆ ಕರಿಯ ಸೈನಿಕರ ಶಿಬಿರದಲ್ಲಿ, ದೊಡ್ಡ ಓಕ್ ಮರಗಳ ಅಡಿಯಲ್ಲಿ, ಸಾವಿರಾರು ಜನ ಸೇರಿದರು. ಘೋಷಣೆಯನ್ನು ಓದಿದ ಡಾಕ್ಟರ್ ಬ್ರಿಸ್ಬೇನ್ ಒಂದು ಕಾಲದಲ್ಲಿ ಅದೇ ಸೀಮೆಯ ತೋಟದ ಒಡೆಯರು. ವರ್ಷಗಳ ಹಿಂದೆಯೇ ಮನಸ್ಸು ತಿರುಗಿ ತಮ್ಮ ಗುಲಾಮರನ್ನು ಬಿಡುಗಡೆ ಮಾಡಿ ಊರು ಬಿಟ್ಟಿದ್ದವರು. ಓದು ಮುಗಿದು, ಕರ್ನಲ್ ಹಿಗ್ಗಿನ್ಸನ್ ಬಾವುಟ ಹಿಡಿದು ಮಾತಾಡಬೇಕೆಂದಿರುವಾಗ, ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದ ಸಂಗತಿಯೊಂದು ನಡೆಯಿತು. ವಯಸ್ಸಾದ ಕರಿಯನೊಬ್ಬ ಮೆಲ್ಲನೆ ದೇಶದ ಹಾಡನ್ನು ಎತ್ತಿಕೊಂಡ. ಇಬ್ಬರು ಹೆಂಗಸರು ದನಿಗೂಡಿಸಿದರು. ಆಮೇಲೆ ಎಲ್ಲ ಕರಿಯರೂ ಹಾಡಿದರು. ವೇದಿಕೆಯ ಮೇಲಿನ ಬಿಳಿಯರು ತಾವೂ ಸೇರಲು ಹೊರಟಾಗ ಕರ್ನಲ್ ಅವರನ್ನು ತಡೆದು ಸುಮ್ಮನಿರಿಸಿದರು. ಈ ದೇಶ ನಮ್ಮದು ಎಂದು ಅವರು ಹಾಡಬಹುದಾಗಿದ್ದ ಮೊದಲ ದಿನ ಅದು. ಬಳಿಕ ಸುಟ್ಟ ಎತ್ತಿನ ಮಾಂಸದ ಊಟ, ಕಾಕಂಬಿ ಬೆರೆಸಿದ ನೀರು.

ನಾವು ಕಥೋಲಿಕರು ಇಲ್ಲಿ ನಮ್ಮವರ ಕಥೆಯನ್ನೂ ಮರೆಮಾಚದೆ ಹೇಳಬೇಕು. ಈ ದ್ವೀಪ ಸೇರಿದ್ದ ಚಾರ್ಲ್ಸ್‌ಟನ್ ಧರ್ಮಪ್ರಾಂತ್ಯದ ಅಂದಿನ ಧರ್ಮಾಧ್ಯಕ್ಷರು ಪ್ಯಾಟ್ರಿಕ್ ಲಿಂಚ್. ಅವರ ಒಡೆತನದಲ್ಲಿಯೂ ಗುಲಾಮರಿದ್ದರು. 1864ರಲ್ಲಿ ಅವರು ದಕ್ಷಿಣದ ಸರಕಾರದ ಪ್ರತಿನಿಧಿಯಾಗಿ ರೋಮ್‌ಗೆ ಹೋದರು, ಗುಲಾಮಗಿರಿಯನ್ನು ಸಮರ್ಥಿಸಿ ಬರೆದರು. ಜಗದ್ಗುರು ಹದಿನಾರನೆಯ ಗ್ರೆಗರಿಯವರು 1839ರಲ್ಲೇ ಗುಲಾಮರ ವ್ಯಾಪಾರವನ್ನು ಖಂಡಿಸಿದ್ದರು. ಅದನ್ನು ಓದಿದವರು ತಮಗೆ ಅನ್ವಯಿಸದಂತೆ ಓದಿಕೊಂಡರು. ಯೂನಿಟೇರಿಯನ್ ಶಿಕ್ಷಕಿ ಮಾಡಿದ ಕೆಲಸವನ್ನು ಆ ದ್ವೀಪದಲ್ಲಿ ನಮ್ಮವರು ಮಾಡಲಿಲ್ಲ.

1865 ಬಂತು. ಫಿಲಡೆಲ್ಫಿಯಾದ ಹಿತೈಷಿಗಳು ಮರದ ಶಾಲಾಕಟ್ಟಡವೊಂದನ್ನು ತುಂಡುತುಂಡಾಗಿ ಸಿದ್ಧಮಾಡಿಸಿ ಹಡಗಿನಲ್ಲಿ ಕಳುಹಿಸಿದರು. ಚರ್ಚಿನ ಹತ್ತಿರವೇ ಅದನ್ನು ನಿಲ್ಲಿಸಿದರು. ಪೆನ್ ಶಾಲೆ ಎಂಬ ಹೆಸರು ಬಂದದ್ದು ಹಾಗೆ. ಜೊತೆಗೊಂದು ಗಂಟೆಯೂ ಬಂತು. ಅದರ ಮೇಲೆ ಬಿಡುಗಡೆಯನ್ನು ಸಾರಿರಿ ಎಂಬ ಅರ್ಥದ ಮಾತು ಕೆತ್ತಿತ್ತು, ಯಾಜಕಕಾಂಡದ ಜೂಬಿಲಿ ವರ್ಷದ ಮಾತು ಅದು. ಶಾಲೆಯ ಜಮೀನನ್ನು ಮಾರಿದವರು ಹೇಸ್ಟಿಂಗ್ಸ್ ಗ್ಯಾಂಟ್. ಅವರೂ ಬಿಡುಗಡೆಗೊಂಡ ಗುಲಾಮರೇ.

ಅದೇ ಚಳಿಗಾಲದಲ್ಲಿ ಜನರಲ್ ಶೆರ್ಮನ್ನರ ಸೈನ್ಯದ ಹಿಂದೆ ಒಳನಾಡಿನಿಂದ ಸಾವಿರಾರು ನಿರಾಶ್ರಿತರು ನಡೆದು ಬಂದರು. ಮೈಮೇಲೆ ಹರಕು, ಹೊಟ್ಟೆಗಿಲ್ಲ, ಚಳಿ, ಜ್ವರ. ಲಾರಾ ಅವರ ಓಲೆಗಳಲ್ಲಿ ಅತ್ಯಂತ ಕತ್ತಲೆಯ ಪುಟಗಳಿವು. ಶಾಲೆಯ ಸಂಭ್ರಮ, ಸಾಯುತ್ತಿರುವ ಕೂಸುಗಳು ಒಂದೇ ಕಾಗದದಲ್ಲಿ ಬರುತ್ತವೆ.

ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ಏಪ್ರಿಲ್ 14, ಶುಭ ಶುಕ್ರವಾರದ ರಾತ್ರಿ, ಲಿಂಕನ್ನರಿಗೆ ಗುಂಡು ಬಿತ್ತು. ಪವಿತ್ರ ಶನಿವಾರ ಬೆಳಿಗ್ಗೆ ಅವರು ಪ್ರಾಣ ಬಿಟ್ಟರು. ಸುದ್ದಿ ದ್ವೀಪಕ್ಕೆ ಮುಟ್ಟಿದಾಗ ಜನ ನಂಬಲಿಲ್ಲ. ನಿಜವೇ ಎಂದು ತಿಳಿಯುವವರೆಗೆ ಕಾದು ನೋಡುತ್ತೇವೆ ಎಂದರಂತೆ. ನಂಬಲೇಬೇಕಾದಾಗ ಅವರ ದುಃಖ ತಡೆಯಲಾಗಲಿಲ್ಲ. ಆ ತಿಂಗಳ ಕೊನೆಯ ಓಲೆಯಲ್ಲಿ ಲಾರಾ ಒಬ್ಬರ ಮಾತನ್ನು ಬರೆದಿದ್ದಾರೆ: ನಮಗಾಗಿ ಸತ್ತ ಈ ಮನುಷ್ಯನೂ ನಮಗಾಗಿ ಸತ್ತ ಕ್ರಿಸ್ತರೂ ಅವರ ಮನಸ್ಸಿಗೆ ಒಂದೇ ಆಗಿ ಕಂಡರು. ದೈವಶಾಸ್ತ್ರ ಓದಿದವರು ಇದನ್ನು ತಿದ್ದಬಹುದು. ಪಾಸ್ಕ ಹಬ್ಬದ ಹೊತ್ತಿಗೆ ಕಣ್ಣೀರು ಹಾಕುತ್ತಿದ್ದ ಒಬ್ಬ ಬಡವರು ಹಾಗೆ ಹೇಳಿದಾಗ ನಾವು ಮಾತಾಡದಿರುವುದೇ ಸರಿ.

ಯುದ್ಧ ಮುಗಿದರೆ ಕಥೆ ಮುಗಿಯಬೇಕಲ್ಲವೇ? ನಮ್ಮ ಮಟ್ಟಿಗೆ ಈ ಓಲೆಗಳ ಬೆಲೆ ಇರುವುದು ಅಲ್ಲಿಂದ ಮುಂದೆ. ಜೊತೆಗೆ ಬಂದ ಬಹಳಷ್ಟು ಮಂದಿ ಹಿಂದಿರುಗಿದರು. ಶಾರ್ಲಟ್ ಅವರು ಆರೋಗ್ಯ ಕೆಟ್ಟು 1864ರಲ್ಲೇ ಹೋಗಿದ್ದರು. ಉತ್ತರದ ಸಂಘಗಳಿಗೆ ಉತ್ಸಾಹ ಇಳಿಯಿತು, ಹಣ ನಿಲ್ಲತೊಡಗಿತು. ಲಾರಾ ಮತ್ತು ಎಲೆನ್ ಉಳಿದರು. ಲಾರಾ ತಮ್ಮ ಸ್ವಂತ ಹಣವನ್ನು ಶಾಲೆಗೆ ಸುರಿದರು.

ಜನರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಭೂಮಿಯದು. ಶೆರ್ಮನ್ನರು 1865ರ ಜನವರಿಯಲ್ಲಿ ಕರಾವಳಿಯ ಜಮೀನನ್ನು ಬಿಡುಗಡೆಗೊಂಡವರಿಗೆ ಹಂಚಲು ಆಜ್ಞೆ ಹೊರಡಿಸಿದ್ದರು. ಲಿಂಕನ್ನರ ನಂತರ ಬಂದ ಅಧ್ಯಕ್ಷ ಜಾನ್ಸನ್ ಅದನ್ನು ತಿರುಗಿಸಿ ಹಳೆಯ ಒಡೆಯರಿಗೆ ಕೊಡಿಸಿದರು. ಪಕ್ಕದ ಎಡಿಸ್ಟೋ ದ್ವೀಪದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ ಜನರಲ್ ಹೋವರ್ಡ್ ಚರ್ಚಿನಲ್ಲಿ ನಿಂತು ಜನರಿಗೆ ಈ ಸುದ್ದಿಯನ್ನು ಹೇಳಬೇಕಾಯಿತು. ಹೇಳಲು ಬಂದ ಅವರಿಗೇ ಬಾಯಿ ಬರಲಿಲ್ಲ, ಜನರ ನಡುವಿನಿಂದ ಮುದುಕಿಯೊಬ್ಬರು ಶೋಕದ ಹಾಡು ಎತ್ತಿದರು. ಸೇಂಟ್ ಹೆಲೆನಾದಲ್ಲಿ ಮಾತ್ರ ಹೀಗಾಗಲಿಲ್ಲ. ಕಾರಣ ತೀರಾ ಸಾಮಾನ್ಯವಾದದ್ದು: ತೆರಿಗೆ. ಓಡಿಹೋದ ಒಡೆಯರು ಕೇಂದ್ರ ಸರಕಾರಕ್ಕೆ ಕಂದಾಯ ಕಟ್ಟಲಿಲ್ಲವೆಂದು 1863ರಿಂದ ಅವರ ತೋಟಗಳನ್ನು ಹರಾಜು ಹಾಕಲಾಗಿತ್ತು. ಬಹುಪಾಲನ್ನು ಸರಕಾರವೂ ಉತ್ತರದ ಬಂಡವಾಳಗಾರರೂ ಹಿಡಿದರು, ನಿಜ. ಆದರೆ ಕರಿಯರೂ ಕಾಸಿಗೆ ಕಾಸು ಕೂಡಿಸಿ ಒಟ್ಟಾಗಿ ಕೊಂಡರು, ಮುಂದೆ ಸಣ್ಣಸಣ್ಣ ತುಂಡುಗಳನ್ನೂ ಕೊಂಡರು. ಹರಾಜಿನ ಪತ್ರ ಕೈಯಲ್ಲಿದ್ದವರನ್ನು ಅಧ್ಯಕ್ಷರ ಕ್ಷಮಾದಾನವೂ ಎಬ್ಬಿಸಲಾರದಾಯಿತು. ಜನರ ಕಾಗದಪತ್ರಗಳನ್ನು ಓದಿ ಹೇಳುವ ಕೆಲಸ, ಗಡಿಯ ಜಗಳ ಬಿಡಿಸುವ ಕೆಲಸ ಲಾರಾ ಅವರ ಪಾಲಿಗೂ ಬಿತ್ತು. ಓದು ಬಂದವನನ್ನು ಮೋಸಗೊಳಿಸುವುದು ಕಷ್ಟ ಎಂದು ಆ ರೈತರಿಗೆ ತಿಳಿದಿತ್ತು. ಶಾಲೆಗೆ ಮಕ್ಕಳನ್ನು ಮೈಲಿಗಟ್ಟಲೆ ನಡೆಸಿ ಕಳುಹಿಸಿದ್ದು ಅದಕ್ಕೇ.

ಹತ್ತು ವರ್ಷಗಳಷ್ಟು ಕಾಲ ಒಳ್ಳೆಯ ದಿನಗಳು. ಕರಿಯರು ಮತ ಹಾಕಿದರು. ಹತ್ತಿರದ ಬೋಫರ್ಟ್ ಪಟ್ಟಣದ ರಾಬರ್ಟ್ ಸ್ಮಾಲ್ಸ್ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. 1862ರ ಮೇ ತಿಂಗಳಿನಲ್ಲಿ ಶತ್ರುಗಳ ಹಡಗೊಂದನ್ನೇ ನಡೆಸಿಕೊಂಡು ಕುಟುಂಬ ಸಮೇತ ತಪ್ಪಿಸಿಕೊಂಡು ಬಂದ ಗುಲಾಮ ನಾವಿಕ ಇವರೇ. 1876ರ ಚುನಾವಣೆಯೊಡನೆ ಗಾಳಿ ತಿರುಗಿತು. ಕೆಂಪು ಅಂಗಿ ತೊಟ್ಟ ಬಿಳಿಯ ಸವಾರರು ಬಂದೂಕು ಹಿಡಿದು ಸಭೆಗಳಿಗೆ ನುಗ್ಗತೊಡಗಿದರು. 1877ರಲ್ಲಿ ಕೇಂದ್ರದ ಸೈನ್ಯವೂ ಹಿಂದೆ ಸರಿಯಿತು. 1878ರ ನವೆಂಬರಿನ ಒಂದು ಓಲೆಯಲ್ಲಿ ಲಾರಾ, ಗಿಲಿಸನ್‌ವಿಲ್ ಎಂಬಲ್ಲಿ ಸ್ಮಾಲ್ಸ್ ಅವರ ಸಭೆಯ ಮೇಲೆ ಆ ಸವಾರರು ಏರಿಬಂದದ್ದು, ಅವರು ಅಂಗಡಿಯೊಂದರೊಳಗೆ ಸೇರಿ ಜೀವ ಉಳಿಸಿಕೊಂಡದ್ದು, ಸುದ್ದಿ ಹಬ್ಬಿ ಸುತ್ತಲಿನ ಜನ ಅವರ ನೆರವಿಗೆ ಧಾವಿಸಿದ್ದು ಎಲ್ಲವನ್ನೂ ಮನೆಯವರಿಗೆ ವಿವರಿಸುತ್ತಾರೆ. ಹಿಂದಿನ ಪುಟದಲ್ಲಿ ಮಕ್ಕಳ ಪರೀಕ್ಷೆ, ಈ ಪುಟದಲ್ಲಿ ಇದು. ಯುದ್ಧದ ನಂತರದ ಯುದ್ಧ ಎಷ್ಟು ಉದ್ದವಾಗಿತ್ತೆಂಬುದು ಪಠ್ಯಪುಸ್ತಕಕ್ಕಿಂತ ಇಂಥ ಓಲೆಗಳಿಂದಲೇ ಹೆಚ್ಚು ತಿಳಿಯುತ್ತದೆ. ಬರೆದವರಿಗೆ ಮುಂದೇನಾಗುವುದೆಂದು ಗೊತ್ತಿರಲಿಲ್ಲ.

ಪುಸ್ತಕದಲ್ಲಿರುವುದು ಲಾರಾ ಬರೆದವು ಮಾತ್ರ. ಅಕ್ಕತಂಗಿಯರು ಏನು ಉತ್ತರ ಬರೆದರು, ಮನೆಗೆ ಬಾ ಎಂದು ಎಷ್ಟು ಸಲ ಕರೆದರು ಎಂಬುದನ್ನು ಅವರ ಮಾತುಗಳ ಅಂಚಿನಿಂದ ಊಹಿಸಬೇಕು. ಸಂಪಾದಕರು ಕತ್ತರಿಯನ್ನೂ ಧಾರಾಳವಾಗಿ ಆಡಿಸಿದ್ದಾರೆ. ಹೆಚ್ಚು ಪೂರ್ಣವಾದ ಪ್ರತಿ ಉತ್ತರ ಕರೊಲಿನಾ ವಿಶ್ವವಿದ್ಯಾಲಯದಲ್ಲಿ ಪೆನ್ ಶಾಲೆಯ ಕಡತಗಳೊಡನೆ ಇದೆ.

1893ರ ಆಗಸ್ಟ್ 27ರ ರಾತ್ರಿ ಭಾರಿ ಚಂಡಮಾರುತ ಎರಗಿ ಸಮುದ್ರ ದ್ವೀಪಗಳ ಮೇಲೆ ಹರಿಯಿತು. ಸತ್ತವರು ಸಾವಿರಕ್ಕೂ ಹೆಚ್ಚೆಂದು ಅಂದಾಜು. ರೆಡ್‌ಕ್ರಾಸಿನ ಕ್ಲಾರಾ ಬಾರ್ಟನ್ ಬಂದು ತಿಂಗಳುಗಟ್ಟಲೆ ಪರಿಹಾರ ಕಾರ್ಯ ನಡೆಸಿದರು. ಎಪ್ಪತ್ತರ ಹತ್ತಿರವಾಗಿದ್ದ ಲಾರಾ ಆಗಲೂ ಅಲ್ಲಿಯೇ ಇದ್ದರು. 1901ರ ಫೆಬ್ರವರಿ 22ರಂದು ಅವರು ತೀರಿಕೊಂಡರು. ಶವವನ್ನು ಹೇಸರಗತ್ತೆಯ ಗಾಡಿಯಲ್ಲಿ ದೋಣಿಗಟ್ಟೆಗೆ ಒಯ್ದರು, ನೂರಾರು ಮಂದಿ ದ್ವೀಪದವರು ಹಾಡುತ್ತ ಹಿಂದೆ ನಡೆದರು. ಎಲೆನ್ ಮರ್ರೇ ಇನ್ನೂ ಏಳು ವರ್ಷ ಅಲ್ಲಿಯೇ ಇದ್ದು 1908ರಲ್ಲಿ ತೀರಿಕೊಂಡರು.

ಶಾಲೆ 1948ರವರೆಗೆ ನಡೆಯಿತು. ಆಮೇಲೆ ಸರಕಾರಿ ಶಾಲೆಗಳು ಬಂದವು, ಪೆನ್ ಸಮುದಾಯ ಕೇಂದ್ರವಾಯಿತು. ಕರಿಯರೂ ಬಿಳಿಯರೂ ಒಂದೇ ಸೂರಿನಡಿ ಕುಳಿತು ಮಾತಾಡಬಹುದಾದ ಜಾಗ ದಕ್ಷಿಣ ಕರೊಲಿನಾದಲ್ಲಿ 1960ರ ದಶಕದಲ್ಲೂ ಅಪರೂಪವೇ. ಆದುದರಿಂದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು 1963ರಿಂದ 1967ರ ನಡುವೆ ತಮ್ಮ ಚಿಂತನ ಶಿಬಿರಗಳಿಗೆ ಇಲ್ಲಿಗೇ ಬರುತ್ತಿದ್ದರು. ಮರಗಳ ನಡುವಿನ ಪುಟ್ಟ ಮನೆಯೊಂದರಲ್ಲಿ ಕಿಂಗ್ ಉಳಿದುಕೊಳ್ಳುತ್ತಿದ್ದರು. ಅದರ ಹೆಸರು ಗ್ಯಾಂಟ್ ಕಾಟೇಜ್, ಶಾಲೆಗೆ ಜಮೀನು ಕೊಟ್ಟ ಆ ಹೇಸ್ಟಿಂಗ್ಸ್ ಗ್ಯಾಂಟ್ ಅವರ ಹೆಸರು.